ಮೂವತ್ತು ಅಡಿ ರಸ್ತೆಯ ಹೋಳಿಗೆ

ಪ್ರತಿ ಸಲ ದೇಶದ ಸುದ್ದಿ, ರಾಜ್ಯದ ಸುದ್ದಿ ಹಿಡಿದು ನಿಮ್ಮ ಮುಂದೆ ಕೂರ್ತೀನಿ. ಇವತ್ತು ನಮ್ಮ ಬೀದಿಯ ಸುದ್ದಿ. ಬೇಜಾರು ಮಾಡ್ಕೋಬೇಡಿ, ಸ್ವಲ್ಪ ಹೊತ್ತು ಕೇಳಿದ್ರೆ ಇದು ನಿಮ್ಮ ಬೀದಿಯ ಸುದ್ದಿಯೂ ಹೌದು ಅಂತ ನಿಮಗೇ ಗೊತ್ತಾಗುತ್ತೆ.

ನಾನಿರೋದು ಬೆಂಗಳೂರಿನ ಒಂದು ಹಳೇ ಬಡಾವಣೆಯಲ್ಲಿ. ಮೂವತ್ತು–ನಲವತ್ತರ ಸೈಟುಗಳು, ಮೂವತ್ತು ಅಡಿಯ ಅಡ್ಡರಸ್ತೆ, ಕೊನೆಯಲ್ಲೊಂದು ಪಾರ್ಕು. ನಮ್ಮ ಮನೆಯಿಂದ ಐದನೇ ಮನೆಯಲ್ಲಿ ಒಬ್ಬರು ಹೆಣ್ಣುಮಗಳು ಹೋಳಿಗೆ ಮಾಡ್ತಾರೆ. ಬೀದಿಗೆಲ್ಲ ಅವರು ಹೋಳಿಗೆ ಅಕ್ಕ. ಲಾಕ್‌ಡೌನ್ ಟೈಮಲ್ಲಿ ಗಂಡನ ಕೆಲಸ ಹೋಯ್ತು. ಆಗ ಅಡುಗೆಮನೆಯಲ್ಲೇ ತವೆ ಇಟ್ಟು ಬೇಳೆ ಹೋಳಿಗೆ, ಕಾಯಿ ಹೋಳಿಗೆ ಮಾಡಿ ಅಕ್ಕಪಕ್ಕದ ಮನೆಗಳಿಗೆ ಕೊಡೋಕೆ ಶುರು ಮಾಡಿದರು. ಆಮೇಲೆ ಕಾರು ನಿಲ್ಲಿಸೋ ಜಾಗಕ್ಕೆ ಶಟರ್ ಹಾಕಿಸಿದರು. ಚಕ್ಕುಲಿ, ಕೋಡುಬಳೆ, ಚಟ್ನಿಪುಡಿ ಬಂತು. ಈಗ ಅವರ ಹತ್ತಿರ ಮೂರು ಜನ ಹೆಂಗಸರು ಕೆಲಸಕ್ಕಿದ್ದಾರೆ. ಯುಗಾದಿ, ಗೌರಿಹಬ್ಬ ಬಂದ್ರೆ ಬೀದಿ ತುಂಬಾ ಬೈಕು.

ಐದು ವರ್ಷ ಯಾರೂ ಏನೂ ಕೇಳಲಿಲ್ಲ. ಕೇಳಿದ್ದು ಯಾವಾಗ ಗೊತ್ತಾ? ಅಕ್ಕ ಕಾನೂನು ಪ್ರಕಾರ ನಡೆಯೋಣ ಅಂತ ಹೊರಟಾಗ! ಹೋಳಿಗೆ ತಟ್ಟೋ ಮಷೀನ್ ತಗೊಳ್ಳೋಕೆ ಮುದ್ರಾ ಸಾಲ ಕೇಳಿದರು. ಬ್ಯಾಂಕಿನವರು, ಟ್ರೇಡ್ ಲೈಸೆನ್ಸ್ ತನ್ನಿ ಅಂದರು. ಅಕ್ಕ ಅರ್ಜಿ ಹಾಕಿದರು. ಪಾಲಿಕೆಯವರು ಬಂದು ನೋಡಿದರು, ರಸ್ತೆ ಅಳೆದರು, ವಾಪಸ್ ಹೋದರು. ಮುಂದಿನ ವಾರ ಲೈಸೆನ್ಸ್ ಬರಲಿಲ್ಲ, ನೋಟಿಸ್ ಬಂತು. ವಸತಿ ವಲಯದಲ್ಲಿ, 40 ಅಡಿಗಿಂತ ಕಿರಿದಾದ ರಸ್ತೆಯಲ್ಲಿ, ಪರವಾನಗಿ ಇಲ್ಲದೆ ವಾಣಿಜ್ಯ ಚಟುವಟಿಕೆ ನಡೆಸ್ತಾ ಇದ್ದೀರಿ, ಯಾಕೆ ಮುಚ್ಚಿಸಬಾರದು ಹೇಳಿ ಅಂತ.

ಬೀದಿ ಎರಡು ಭಾಗ ಆಯ್ತು. ವಾಟ್ಸಾಪ್ ಗ್ರೂಪಿನಲ್ಲಿ ಗುಡ್ ಮಾರ್ನಿಂಗ್ ಹೂವುಗಳು ನಿಂತುಹೋದವು.

ಇಲ್ಲಿ ಸ್ವಲ್ಪ ನಿಂತು, ಈ ‘ವಲಯ’ ಅಂದ್ರೇನು ಅಂತ ನೋಡೋಣ. ನಮ್ಮಲ್ಲಿ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಅಂತ ಒಂದಿದೆ. ಊರಿಗೊಂದು ಮಹಾಯೋಜನೆ, ಅಂದ್ರೆ ಮಾಸ್ಟರ್ ಪ್ಲಾನ್ ಮಾಡಬೇಕು ಅಂತ ಹೇಳೋದು ಅದೇ. ಆ ಪ್ಲಾನಿನಲ್ಲಿ ಊರಿನ ಪ್ರತಿಯೊಂದು ತುಂಡು ಜಮೀನಿಗೂ ಒಂದು ಬಣ್ಣ. ಹಳದಿ ಅಂದ್ರೆ ಮನೆ, ನೀಲಿ ಅಂದ್ರೆ ವ್ಯಾಪಾರ, ನೇರಳೆ ಅಂದ್ರೆ ಕಾರ್ಖಾನೆ, ಹಸಿರು ಅಂದ್ರೆ ಪಾರ್ಕು. ನಿಮ್ಮ ಮನೆ ಯಾವ ಬಣ್ಣದಲ್ಲಿದೆ ಅಂತ ನೋಡಿದ್ದೀರಾ? ನಾನೂ ನೋಡಿರಲಿಲ್ಲ, ಈ ಗಲಾಟೆ ಆಗೋ ತನಕ.

ಬೆಂಗಳೂರಿಗೆ ಈಗಲೂ ನಡೀತಿರೋದು 2007ರಲ್ಲಿ ಸರ್ಕಾರ ಒಪ್ಪಿದ ಪ್ಲಾನು. ಅದರ ಹೆಸರೇ ‘ಪರಿಷ್ಕೃತ ಮಹಾಯೋಜನೆ 2015’. ಅಂದ್ರೆ 2015ರ ತನಕದ ಬೆಂಗಳೂರಿಗೆ ಅಂತ ಮಾಡಿದ್ದು. 2031ಕ್ಕೆ ಅಂತ ಒಂದು ಕರಡನ್ನು 2017ರಲ್ಲಿ ಜನರ ಮುಂದಿಟ್ಟರು, ಆಮೇಲೆ ಅದನ್ನ ಕೈಬಿಟ್ಟರು. ಹಾಗಾಗಿ ಅವಧಿ ಮುಗಿದ ಪ್ಲಾನಿನ ಮೇಲೇ ಊರು ಓಡ್ತಾ ಇದೆ. ಮನೆಯಲ್ಲಿ ಎಕ್ಸ್‌ಪೈರಿ ಆದ ಮಾತ್ರೆ ನುಂಗೋಕೆ ಹತ್ತು ಸಲ ಯೋಚಿಸ್ತೀವಿ ಅಲ್ವಾ?

ಆ 2007ರ ಪ್ಲಾನು ವಸತಿ ಪ್ರದೇಶದಲ್ಲೂ ಮನೆಯ ಒಂದು ಭಾಗದಲ್ಲಿ ಸಣ್ಣಪುಟ್ಟ ವ್ಯಾಪಾರಕ್ಕೆ ಜಾಗ ಬಿಟ್ಟಿತ್ತು. ಒಳ್ಳೇದೇ. ಆದರೆ ಆ ಸಣ್ಣ ಬಾಗಿಲಲ್ಲಿ ಯಾರ್ಯಾರು ನುಗ್ಗಿದರು ಅಂತ ನಿಮಗೆ ಗೊತ್ತು. ಇಂದಿರಾನಗರ, ಕೋರಮಂಗಲದಲ್ಲಿ ಮನೆ ಇದ್ದ ಕಡೆ ಪಬ್ ಬಂತು, ಪಿಜಿ ಬಂತು, ಶೋರೂಮ್ ಬಂತು. ನಿವಾಸಿಗಳು ಬೀದಿಗಿಳಿದರು, ಹೈಕೋರ್ಟಿಗೂ ಹೋದರು. ನಿಯಮ ಬಿಗಿಯಾಯ್ತು. 40 ಅಡಿ ಅನ್ನೋ ಗೆರೆ ಗಟ್ಟಿಯಾಯ್ತು. ಅದಕ್ಕಿಂತ ಕಿರಿದಾದ ರಸ್ತೆಯ ವಸತಿ ಪ್ರದೇಶದಲ್ಲಿ ಅಂಗಡಿಗೆ ಲೈಸೆನ್ಸ್ ಇಲ್ಲ.

ಒಂದು ಮಾತು ಒಪ್ಕೋಬೇಕು. ಆ ಹೊತ್ತಲ್ಲಿ ಇದೇ ಕುರ್ಚಿಯಲ್ಲಿ ಕೂತು ನಾನೂ ಗಂಟಲು ಹರಿಯೋ ಹಾಗೆ ಕೂಗಿದ್ದೆ. ‘ಮನೆಗಳ ನಡುವೆ ಅಂಗಡಿ ಯಾಕೆ ಸ್ವಾಮಿ? ಮುಚ್ಚಿಸಿ!’ ಅಂತ. ರಾತ್ರಿ ಹನ್ನೆರಡಕ್ಕೆ ಡಿಜೆ ಹಾಕೋ ಪಬ್ ಕಣ್ಣ ಮುಂದಿತ್ತು, ಹಾಗಾಗಿ ಕೂಗಿದೆ. ಹೋಳಿಗೆ ತವೆ ಕಣ್ಣ ಮುಂದೆ ಇರಲಿಲ್ಲ.

ಮೊನ್ನೆ ಭಾನುವಾರ ಬಡಾವಣೆಯ ರಾಮಮಂದಿರದ ಹಾಲಿನಲ್ಲಿ ಸಭೆ ಸೇರಿದೆವು. ಸಂಘದ ಅಧ್ಯಕ್ಷರು ನನ್ನನ್ನ ಮಧ್ಯದಲ್ಲಿ ಕೂರಿಸಿದರು. ಟಿವಿಯವನು ಅಲ್ವಾ, ಎಲ್ಲರನ್ನೂ ಸುಮ್ಮನಾಗಿಸ್ತಾನೆ ಅಂತ ಅಂದುಕೊಂಡರೋ ಏನೋ. ನನ್ನ ಡಿಬೇಟ್ ನೋಡಿದವರು ಯಾರೂ ಹಾಗೆ ಅಂದುಕೊಳ್ಳೋ ಹಾಗಿಲ್ಲ.

ಮೊದಲು ಎದ್ದು ನಿಂತವರು ನಮ್ಮ ಮೇಷ್ಟ್ರು. ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತರಾದವರು, ಅಕ್ಕನ ಮನೆಯ ಎದುರಿಗೇ ಅವರ ಮನೆ. ದೂರು ಕೊಟ್ಟವರಲ್ಲಿ ತಾನೂ ಒಬ್ಬ ಅಂತ ಅವರೇ ಹೇಳಿದರು.

“ನನಗೆ ಆ ಹೆಣ್ಣುಮಗು ಮೇಲೆ ಏನೂ ಸಿಟ್ಟಿಲ್ಲ. ಆದರೆ ವಾರಕ್ಕೆ ಮೂರು ದಿನ ನನ್ನ ಹೆಂಡತಿಗೆ ಡಯಾಲಿಸಿಸ್. ವಾಪಸ್ ಬರುವಾಗ ಅವಳಿಗೆ ನಿಲ್ಲೋಕೂ ಆಗಲ್ಲ. ಗೇಟಿನ ಮುಂದೆ ಯಾರದೋ ಬೈಕು ಇರುತ್ತೆ. ಹಾರ್ನ್ ಹೊಡೀತೀನಿ, ‘ಎರಡೇ ನಿಮಿಷ ಅಂಕಲ್’ ಅಂತಾರೆ. ನಿಮ್ಮ ಎರಡು ನಿಮಿಷ ಅವಳಿಗೆ ಎಷ್ಟು ಹೊತ್ತು ಅಂತ ಗೊತ್ತಾ ನಿಮಗೆ?”

ಹಾಲಿನಲ್ಲಿ ಯಾರೂ ಉಸಿರೆತ್ತಲಿಲ್ಲ. ಎದುರು ವಾದಿಸೋಕೆ ಏನಿದೆ ಹೇಳಿ ಅದರಲ್ಲಿ.

ಆಮೇಲೆ ಅಕ್ಕ ಎದ್ದರು. “ಮೇಷ್ಟ್ರೇ, ನೀವು ಒಂದ್ಸಲನಾದ್ರೂ ನನ್ನ ಕರೆದು ಹೇಳಿದ್ರೆ ನಾನೇ ಬಂದು ಬೈಕ್ ತೆಗೆಸ್ತಿದ್ದೆ. ನೀವು ಆಫೀಸಿಗೆ ಬರೆದ್ರಿ. ಮೇನ್ ರೋಡಲ್ಲಿ ಮಳಿಗೆ ಹಿಡಿ ಅಂತಾರೆ ಎಲ್ರೂ. ಅಲ್ಲಿ ಬಾಡಿಗೆ, ಅಡ್ವಾನ್ಸು ಕಟ್ಟಿ ನಾನು ಹೋಳಿಗೆ ಎಷ್ಟಕ್ಕೆ ಮಾರ್ಲಿ? ಈ ಮನೆ ನಮ್ಮದು ಅನ್ನೋ ಒಂದೇ ಧೈರ್ಯದ ಮೇಲೆ ನಡೀತಿರೋದು ಇದು.” ಅಷ್ಟು ಹೇಳಿ ನನ್ನ ಕಡೆ ತಿರುಗಿದರು. “ಟೀವೀಲಿ ಅಷ್ಟ್ ಮಾತಾಡ್ತೀರಲ್ಲ ಸಾರ್, ಇಲ್ಯಾಕ್ ಸುಮ್ನೆ ಕೂತಿದೀರ?”

ಸುಮ್ನೆ ಕೂತಿದ್ದೆ, ನಿಜ. ಯಾಕಂದ್ರೆ ಇಬ್ಬರದೂ ಸರಿ ಇತ್ತು. ಸ್ಟುಡಿಯೋದಲ್ಲಿ ಹಾಗಾದಾಗ ಬ್ರೇಕ್ ತಗೋತೀವಿ. ಇಲ್ಲಿ ಬ್ರೇಕ್ ಎಲ್ಲಿ ತಗೊಳ್ಳೋದು?

ಈಗ ಅಕ್ಕನ ಕೈಲಿರೋ ಕಾಗದಗಳನ್ನ ನೋಡಿ, ತಮಾಷೆ ಅರ್ಥ ಆಗುತ್ತೆ. ಉದ್ಯಮ್ ನೋಂದಣಿ ಇದೆ, ಕೇಂದ್ರ ಸರ್ಕಾರದ್ದು, ಆನ್‌ಲೈನಲ್ಲಿ ಪುಕ್ಕಟೆ ಸಿಗುತ್ತೆ. ಆಹಾರ ಸುರಕ್ಷತೆಯ ನೋಂದಣಿ ಇದೆ, ಸಣ್ಣವರಿಗೆ ವರ್ಷಕ್ಕೆ 100 ರೂಪಾಯಿ ಶುಲ್ಕ. ಮಳಿಗೆ ಹಾಕಿದ ಭಾಗಕ್ಕೆ ವಸತಿಯೇತರ ದರದಲ್ಲಿ ಆಸ್ತಿ ತೆರಿಗೆ ಕಟ್ಟಿದ ರಸೀದಿ ಇದೆ. ಅಂದ್ರೆ, ‘ಇಲ್ಲಿ ವ್ಯಾಪಾರ ನಡೀತಿದೆ, ಜಾಸ್ತಿ ತೆರಿಗೆ ಕೊಡು’ ಅಂತ ಪಾಲಿಕೆ ದುಡ್ಡು ಇಸ್ಕೊಂಡಿದೆ. ಅದೇ ಪಾಲಿಕೆ, ‘ಇಲ್ಲಿ ವ್ಯಾಪಾರ ನಡೆಯೋ ಹಾಗಿಲ್ಲ’ ಅಂತ ನೋಟಿಸ್ ಕೊಟ್ಟಿದೆ. ಕೇಳಿದ್ರೆ, ತೆರಿಗೆ ಕಟ್ಟಿದ ಮಾತ್ರಕ್ಕೆ ಸಕ್ರಮ ಆಗಲ್ಲ ಅಂತಾರೆ. ಕಾನೂನಿನಲ್ಲಿ ಅದು ಸರಿ. ಆದರೆ ಒಂದು ಕೈ ಇಸ್ಕೊಳ್ಳುತ್ತೆ, ಇನ್ನೊಂದು ಕೈ ಹೊಡೆಯುತ್ತೆ ಅಂದ್ರೆ ಸಾಮಾನ್ಯ ಜನಕ್ಕೆ ಏನು ಅರ್ಥ ಆಗಬೇಕು?

2025ರ ಜುಲೈ ನೆನಪಿದೆಯಾ? ಯುಪಿಐ ಲೆಕ್ಕ ಹಿಡಿದು ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳಿಗೆ ಜಿಎಸ್‌ಟಿ ನೋಟಿಸ್ ಹೋಯ್ತು. ಅಂಗಡಿ ಮುಂದೆ ‘ಕ್ಯಾಶ್ ಮಾತ್ರ’ ಅಂತ ಬೋರ್ಡು ಬಿತ್ತು. ಆಗ ಇಡೀ ಊರು ಸಣ್ಣ ವ್ಯಾಪಾರಿ ಪರ ನಿಂತಿತ್ತು, ನಮ್ಮ ಸಭೆಯಲ್ಲಿ ಅಕ್ಕನ ವಿರುದ್ಧ ಮಾತಾಡಿದವರೂ ಸೇರಿ. ಸಣ್ಣ ವ್ಯಾಪಾರಿ ನಮಗೆ ಇಷ್ಟವೇ, ಅವನು ಬೇರೆ ಬೀದಿಯಲ್ಲಿದ್ದರೆ.

40 ಅಡಿ ಗೆರೆ ಸುಮ್ಮನೆ ಬಂದದ್ದಲ್ಲ, ಅದನ್ನೂ ಹೇಳಿಬಿಡ್ತೀನಿ. ಅಂಗಡಿ ಅಂದ್ರೆ ಗಾಡಿ, ಗಾಡಿ ಅಂದ್ರೆ ಪಾರ್ಕಿಂಗ್. ಮೂವತ್ತು ಅಡಿ ರಸ್ತೆಯ ಎರಡೂ ಕಡೆ ಕಾರು ನಿಂತರೆ ಅಗ್ನಿಶಾಮಕ ವಾಹನ ಎಲ್ಲಿ ಹೋಗಬೇಕು? ಆಂಬುಲೆನ್ಸ್ ಎಲ್ಲಿ ತಿರುಗಬೇಕು? ಅಕ್ಕ ಕಾರು ನಿಲ್ಲಿಸೋ ಜಾಗಕ್ಕೇ ಶಟರ್ ಹಾಕಿದ್ದಾರೆ, ಅವರ ಮನೆಯ ಗಾಡಿಯೂ ಈಗ ಬೀದಿಗೆ ಬಂದಿದೆ. ಇದನ್ನ ಸಭೆಯಲ್ಲಿ ನಾನೇ ಹೇಳಿದೆ, ಅಕ್ಕ ಮುಖ ಸಣ್ಣ ಮಾಡಿಕೊಂಡರು. ಆದರೂ ಹೇಳಲೇಬೇಕಿತ್ತು.

ನನ್ನ ತಕರಾರು ಬೇರೆ. ಈ ನಿಯಮ ರಸ್ತೆಯನ್ನ ಅಳೆಯುತ್ತೆ, ತೊಂದರೆಯನ್ನ ಅಳೆಯಲ್ಲ. ನಮ್ಮ ಅಡ್ಡರಸ್ತೆಯ ಮೂಲೆಯಲ್ಲಿ ದೊಡ್ಡ ರಸ್ತೆಗೆ ಮುಖ ಮಾಡಿದ ಒಂದು ಹೋಟೆಲ್ ಇದೆ. ರಾತ್ರಿ ಹನ್ನೊಂದರವರೆಗೂ ಪಾತ್ರೆ ಸದ್ದು, ಹಿಂದಿನ ಮನೆಯವರ ಕಿಟಕಿಗೆ ಹೊಗೆ. ಅದಕ್ಕೆ ಲೈಸೆನ್ಸ್ ಇದೆ, ರಸ್ತೆ ಅಗಲ ಇದೆಯಲ್ಲ! ಸಂಜೆ ಏಳೂವರೆಗೆ ತವೆ ಆರಿಸೋ ಅಕ್ಕನಿಗೆ ನೋಟಿಸ್. ಇನ್ನೊಂದು ನೋಡಿ. ವಕೀಲರು, ಡಾಕ್ಟರು ತಾವಿರೋ ಮನೆಯಲ್ಲೇ ಕಚೇರಿ ಇಟ್ಕೊಳ್ಳೋದನ್ನ ವಲಯ ನಿಯಮಗಳು ಮೊದಲಿಂದಲೂ ಒಪ್ಪಿಕೊಂಡಿವೆ. ಡಾಕ್ಟರ ಮನೆ ಮುಂದೆ ಗಾಡಿ ನಿಲ್ಲಲ್ವಾ? ಪೆನ್ನು ಹಿಡಿದು ಮಾಡೋದು ವೃತ್ತಿ, ಸೌಟು ಹಿಡಿದು ಮಾಡೋದು ವಾಣಿಜ್ಯ!

ಮನೆ ಬೇರೆ, ಅಂಗಡಿ ಬೇರೆ ಅನ್ನೋದು ನಮ್ಮ ಊರಿನ ಹಳೇ ಪದ್ಧತಿಯೂ ಅಲ್ಲ. ಪೇಟೆಯ ಹೆಸರುಗಳನ್ನೇ ಕೇಳಿ: ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ. ಕೆಳಗೆ ಅಂಗಡಿ, ಮೇಲೆ ಸಂಸಾರ. 1898ರ ಪ್ಲೇಗ್ ಬಂದ ಮೇಲೆ ಜನ ಇಕ್ಕಟ್ಟಿನ ಪೇಟೆ ಬಿಟ್ಟು ಮಲ್ಲೇಶ್ವರ, ಬಸವನಗುಡಿಯಂಥ ಹೊಸ ಬಡಾವಣೆಗಳ ಗಾಳಿ ಬೆಳಕಿಗೆ ಬಂದರು. ಅಲ್ಲಿಂದ ‘ಶಾಂತವಾದ ಬಡಾವಣೆ’ ಅನ್ನೋ ಆಸೆ ನಮ್ಮಲ್ಲಿ ಬೇರೂರಿತು. ಆ ಆಸೆ ತಪ್ಪಲ್ಲ. ಜೀವಮಾನದ ದುಡ್ಡು ಹಾಕಿ ಸೈಟು ತಗೊಂಡವರು ಅದನ್ನ ಕೇಳೋದು ನ್ಯಾಯವೇ.

ಬೇರೆಯವರು ಇದನ್ನ ಹೇಗೆ ಬಿಡಿಸಿದ್ದಾರೆ? ದೆಹಲಿಯ ಕಥೆ ಕೇಳಿ, ಅದು ರಕ್ತ ಹರಿದ ಕಥೆ. 2006ರಲ್ಲಿ ಸುಪ್ರೀಂ ಕೋರ್ಟ್ ಆದೇಶದ ಮೇಲೆ ವಸತಿ ಪ್ರದೇಶದ ಅಂಗಡಿಗಳಿಗೆ ಬೀಗ ಹಾಕೋಕೆ ಶುರು ಮಾಡಿದರು. ಸೆಪ್ಟೆಂಬರಿನಲ್ಲಿ ಸೀಲಂಪುರದಲ್ಲಿ ಗಲಭೆ ಆಗಿ ಜನ ಪ್ರಾಣ ಕಳ್ಕೊಂಡರು. ಆಮೇಲೆ 2007ರ ಫೆಬ್ರವರಿಯಲ್ಲಿ ಬಂದ ದೆಹಲಿಯ ಮಾಸ್ಟರ್ ಪ್ಲಾನ್‌ನಲ್ಲಿ ಒಂದು ಪಟ್ಟಿ ಸೇರಿಸಿದರು. ಮನೆಯ ನೆಲಮಹಡಿಯಲ್ಲಿ 20 ಚದರ ಮೀಟರ್ ಒಳಗೆ, ಅಂದ್ರೆ ಸುಮಾರು 215 ಚದರ ಅಡಿಯಲ್ಲಿ, ಇಂಥಿಂಥ ಅಂಗಡಿ ಇಡಬಹುದು ಅಂತ. ಅದರಲ್ಲಿ ಏನೇನಿದೆ ಗೊತ್ತಾ? ತರಕಾರಿ, ಕಿರಾಣಿ, ಬೇಕರಿ ತಿನಿಸು, ಹಿಟ್ಟಿನ ಗಿರಣಿ, ಇಸ್ತ್ರಿ ಅಂಗಡಿ, ಕ್ಷೌರದಂಗಡಿ, ಔಷಧಿ ಅಂಗಡಿ, ಸಿಹಿತಿಂಡಿ, ಚಹಾ. ಚಹಾಕ್ಕೆ ಒಂದು ಷರತ್ತು: ಕೂರೋಕೆ ವ್ಯವಸ್ಥೆ ಇರಬಾರದು. ಕುರ್ಚಿ ಹಾಕಿದ್ರೆ ಹರಟೆ, ಹರಟೆ ಅಂದ್ರೆ ಗದ್ದಲ. ಬರೆದವರಿಗೆ ಬೀದಿ ಗೊತ್ತಿತ್ತು.

ಜಪಾನಿನಲ್ಲಿ ಅತ್ಯಂತ ಕಟ್ಟುನಿಟ್ಟಾದ ವಸತಿ ವಲಯದಲ್ಲೂ ಮನೆಯೊಳಗೆ ಅಂಗಡಿ ಇಡಬಹುದು. ಅದು 50 ಚದರ ಮೀಟರ್ ಮೀರಬಾರದು, ಮನೆಯ ಅರ್ಧಕ್ಕಿಂತ ಜಾಸ್ತಿ ಜಾಗ ತಗೋಬಾರದು. ಅಂದ್ರೆ ಮನೆ ಮನೆಯಾಗೇ ಉಳೀಬೇಕು, ಅಂಗಡಿ ಅದರ ಮಡಿಲಲ್ಲಿರಬೇಕು. ಇಂಥ ನಿಯಮದಲ್ಲಿ ಪಬ್ಬಿಗೆ ಜಾಗ ಸಿಗಲ್ಲ, ಹೋಳಿಗೆಗೆ ಸಿಗುತ್ತೆ.

ಹಾಗಂತ ಕಣ್ಣುಮುಚ್ಚಿ ಬಿಟ್ಟುಬಿಡಿ ಅನ್ನೋ ಕಾಲ ಇದಲ್ಲ. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಮೀರತ್ ನಗರದ ಒಂದು ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಮನೆಗೆ ಅಂತ ಹಂಚಿಕೆಯಾದ ನಿವೇಶನದಲ್ಲಿ ಅಂಗಡಿ ಸಾಲು ಕಟ್ಟಿದ್ದರು. ವರ್ಷಗಟ್ಟಲೆ ನಡೀತಿದೆ, ದುಡ್ಡು ಹಾಕಿದ್ದೀವಿ ಅಂದ ಮಾತ್ರಕ್ಕೆ ಅಕ್ರಮ ಸಕ್ರಮ ಆಗಲ್ಲ ಅಂತ ಕೋರ್ಟು ಖಡಕ್ಕಾಗಿ ಹೇಳಿತು. ಅನಧಿಕೃತ ಕಟ್ಟಡದಲ್ಲಿ ವ್ಯಾಪಾರಕ್ಕೆ ಲೈಸೆನ್ಸ್ ಕೊಡಬಾರದು ಅಂತಲೂ ಹೇಳಿತು. ಹಾಗಾಗಿ, ‘ಬಿಡಿ ಅಕ್ಕಾ, ನಮ್ಮ ಶಾಸಕರಿಗೆ ಒಂದು ಮಾತು ಹೇಳಿಸೋಣ’ ಅನ್ನೋರ ಮಾತು ಕೇಳಬೇಡಿ ಅಂತ ಅಕ್ಕನಿಗೆ ಹೇಳಿದ್ದೀನಿ. ಫೋನಿನ ಮೇಲೆ ನಿಂತ ಅಂಗಡಿ ಇನ್ನೊಂದು ಫೋನಿಗೆ ಬೀಳುತ್ತೆ.

ಹಾಗಾದ್ರೆ ಕಾನೂನಿನ ದಾರಿ ಏನು? ಒಂದು ಇದೆ, ಭೂಬಳಕೆ ಬದಲಾವಣೆ. 1961ರ ಕಾಯ್ದೆಯ 14ಎ ಕಲಂ ಅಡಿ ಯೋಜನಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬೇಕು. ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಜನರ ಆಕ್ಷೇಪಣೆ ಕರೀಬೇಕು, ಬದಲಾವಣೆ ಸಾರ್ವಜನಿಕ ಹಿತಕ್ಕೆ ಇರಬೇಕು, ಸರ್ಕಾರದ ಅನುಮತಿ ಬೇಕು. ಪತ್ರಿಕೆಯ ಮೂಲೆಯಲ್ಲಿ ಇರುವೆ ಸಾಲಿನಂತಿರೋ ಆ ಪ್ರಕಟಣೆಗಳನ್ನ ಇನ್ನು ಮುಂದೆ ಓದಿ, ನಿಮ್ಮ ಪಕ್ಕದ ಸೈಟಿನದೂ ಇರಬಹುದು. ಆದರೆ ಈ ದಾರಿ ಮಾಡಿರೋದು ಎಕರೆಗಟ್ಟಲೆ ಜಮೀನಿನವರಿಗೆ. ಇನ್ನೂರು ಚದರ ಅಡಿಯ ತವೆ, ಒಲೆಗಳಿಗಲ್ಲ. ಇತ್ತ ಟ್ರೇಡ್ ಲೈಸೆನ್ಸ್ ಕೊಡುವಾಗ ಎದುರು ಮನೆಯವರನ್ನ ಯಾರೂ ಒಂದು ಮಾತೂ ಕೇಳಲ್ಲ. ಕೇಳೋದು ಯಾವಾಗ? ಜಗಳ ಆದಮೇಲೆ, ದೂರು ಬಂದಮೇಲೆ. ಅಂದ್ರೆ ಮೇಷ್ಟ್ರ ಕೈಗೆ ಕಾನೂನು ಕೊಟ್ಟಿರೋದು ದೂರಿನ ಅರ್ಜಿ ಒಂದೇ. ಅದನ್ನೇ ಅವರು ಬಳಸಿದರು. ಅವರನ್ನ ಹೇಗೆ ಬೈಯೋದು?

ಹಿಂದೆ ಇಂಥದ್ದನ್ನ ಕಾರ್ಪೊರೇಟರ್ ಬಂದು ಕಾಫಿ ಕುಡಿದು ಬಗೆಹರಿಸ್ತಿದ್ದ. ಒಳ್ಳೆಯವನೋ ಕೆಟ್ಟವನೋ, ಬೀದಿ ಗೊತ್ತಿದ್ದವನು. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗೀತು, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ. 2025ರಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆ ಬಂದವು. ಮೂರು ಲಕ್ಷ ಮೀರಿದ ಊರಲ್ಲಿ ವಾರ್ಡ್ ಸಮಿತಿ ಇರಬೇಕು ಅಂತ ಸಂವಿಧಾನವೇ ಹೇಳುತ್ತೆ, 74ನೇ ತಿದ್ದುಪಡಿಯಲ್ಲಿ. ಬೀದಿಯ ಮಾತು ಬೀದಿಯ ಹತ್ತಿರವೇ ತೀರ್ಮಾನ ಆಗಲಿ ಅಂತಲೇ ಅದು ಇರೋದು. ನಮ್ಮ ಜಗಳ ಹೋಗಿ ಕೂತಿದ್ದು ಮಾತ್ರ ಯಾವುದೋ ಮೇಜಿನ ಮೇಲಿನ ಕಡತದಲ್ಲಿ.

ಸಭೆ ಎರಡೂವರೆ ಗಂಟೆ ನಡೀತು. ಕೊನೆಗೆ ಒಂದು ಹಾಳೆ ತಗೊಂಡು ಬರೆದೆವು. ಬರೆದದ್ದು ನಾನೇ, ಅಕ್ಷರ ಚೆನ್ನಾಗಿಲ್ಲ ಅಂತ ಮೇಷ್ಟ್ರು ಬೈದರು. ಬೈಕು ಪಾರ್ಕಿನ ಬದಿಯಲ್ಲೇ ನಿಲ್ಲಬೇಕು, ಮೇಷ್ಟ್ರ ಗೇಟಿನ ಎದುರು ಅಕ್ಕನೇ ಕೋನ್ ಇಡಿಸಬೇಕು. ಡೆಲಿವರಿ ಹುಡುಗರಿಗೆ ಕೊಡೋದು ಪಾರ್ಕಿನ ಮೂಲೆಯಲ್ಲಿ. ಹಬ್ಬದ ಆರ್ಡರುಗಳಿಗೆ ಮೊದಲೇ ಹೊತ್ತು ಗೊತ್ತುಮಾಡಿ ಕರೀಬೇಕು, ಒಟ್ಟಿಗೆ ನೂರು ಜನ ಬರಬಾರದು. ಸಂಜೆ ಏಳೂವರೆಗೆ ಬಂದ್. ಹೊಸ ಮಷೀನು ಬಂದ್ರೆ ಸದ್ದು ಅಳೆಸಬೇಕು. ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬೆಲ್, ರಾತ್ರಿ 45 ಅನ್ನೋ ಮಿತಿ 2000ದ ಶಬ್ದ ಮಾಲಿನ್ಯ ನಿಯಮದಲ್ಲೇ ಇದೆ. ಶಟರ್ ಹಾಕಿದ ಜಾಗದಲ್ಲಿ ಅರ್ಧ ಖಾಲಿ ಮಾಡಿ ಮನೆಯ ಗಾಡಿ ಒಳಗೆ ಇಡ್ತೀನಿ ಅಂತ ಅಕ್ಕ ತಾವಾಗೇ ಒಪ್ಪಿಕೊಂಡರು. ಇಬ್ಬರೂ ಸಹಿ ಹಾಕಿದರು. ಮೇಷ್ಟ್ರು ಕೆಂಪು ಪೆನ್ನಿನಲ್ಲಿ ಎರಡು ಕಡೆ ಒತ್ತಕ್ಷರ ತಿದ್ದಿದ ಮೇಲೆ ಹಾಕಿದರು.

ಆ ಹಾಳೆ ಹಿಡಿದು ಸೋಮವಾರ ಕಚೇರಿಗೆ ಹೋದೆವು. ಅಧಿಕಾರಿ ಸಂಭಾವಿತರು, ಪೂರ್ತಿ ಓದಿದರು. “ತುಂಬಾ ಚೆನ್ನಾಗಿದೆ ಸಾರ್. ಆದರೆ ಇದನ್ನ ಹಾಕೋಕೆ ನಮ್ಮ ಸಾಫ್ಟ್‌ವೇರ್‌ನಲ್ಲಿ ಕಾಲಂ ಇಲ್ಲ. ರಸ್ತೆ ಅಗಲ ಎಷ್ಟು ಅಂತ ಕೇಳುತ್ತೆ. ಮೂವತ್ತು ಅಂತ ಹಾಕಿದ್ರೆ ಮುಂದಕ್ಕೆ ಹೋಗಲ್ಲ.” ತಿರುಗಿಸಿ ನನಗೇ ತೋರಿಸಿದರು. ನಿಜವಾಗಿಯೂ ಹೋಗಲಿಲ್ಲ.

ಅಕ್ಕ ಈಗ ಬೋರ್ಡು ಇಳಿಸಿದ್ದಾರೆ. ಯುಗಾದಿಗೆ ಹಿಡಿದಿದ್ದ ಅಡ್ವಾನ್ಸ್ ಅರ್ಧ ವಾಪಸ್ ಕೊಟ್ಟಿದ್ದಾರೆ, ಮೂವರಲ್ಲಿ ಒಬ್ಬರನ್ನ ಕೆಲಸಕ್ಕೆ ಬರಬೇಡಿ ಅಂದಿದ್ದಾರೆ. ನೋಟಿಸಿಗೆ ಉತ್ತರ ಬರೆದುಕೊಟ್ಟಿದ್ದು ಮೇಷ್ಟ್ರೇ. ಅದರ ಜೊತೆ ಆ ಹಾಳೆಯ ನಕಲೂ ಇದೆ. ವಿಚಾರಣೆ ಮುಂದಿನ ಗುರುವಾರ ಬೆಳಗ್ಗೆ ಹನ್ನೊಂದಕ್ಕೆ. ಗುರುವಾರ ಡಯಾಲಿಸಿಸ್ ಇಲ್ಲ, ನಾನೂ ಬರ್ತೀನಿ ಅಂದಿದ್ದಾರೆ ಮೇಷ್ಟ್ರು. ನಾನೂ ಹೋಗ್ತೀನಿ, ಕ್ಯಾಮೆರಾ ತಗೊಂಡು ಹೋಗಲ್ಲ.